ಬೋರ್ಡಿನ ಮೇಲಿನ ಮೂರು ಲಕ್ಷ

ಹರಪನಹಳ್ಳಿಯಲ್ಲಿ ಕೊಟ್ರಪ್ಪ ಎಂಬ ಬಸ್ ಡ್ರೈವರ್ ಇದ್ದ. ಖಾಸಗಿ ಮಾಲೀಕರೊಬ್ಬರ ಬಸ್ಸು. ಹರಪನಹಳ್ಳಿಯಿಂದ ದಾವಣಗೆರೆಗೆ ಹೋಗುವುದು, ತಿರುಗಿ ಬರುವುದು, ದಿನಕ್ಕೆ ಎರಡು ಸಲ. ಇಪ್ಪತ್ತೇಳು ವರ್ಷ ಅದೇ ರಸ್ತೆಯಲ್ಲಿ ಸವೆಸಿದ್ದ. ಅವನಿಗೆ ಒಬ್ಬಳೇ ಮಗಳು, ಇಂದುಮತಿ. ತಾಯಿ ಇಲ್ಲದ ಹುಡುಗಿ, ಅಪ್ಪನ ಹಿಂದಿನ ಸೀಟಿನಲ್ಲಿ ಕೂತು ಸ್ಟೇರಿಂಗ್ ನೋಡುತ್ತಲೇ ಬೆಳೆದಳು. ಪಿಯುಸಿ ಮುಗಿಯುತ್ತಲೇ, ನಾನು ವಿಮಾನ ಓಡಿಸುತ್ತೇನೆ ಎಂದು ಹಟ ಹಿಡಿದಳು.

ಪೈಲಟ್ ತರಬೇತಿ ಎಂದರೆ ಹುಡುಗಾಟವಲ್ಲ, ಲಕ್ಷ ಲಕ್ಷ ಸುರಿಯಬೇಕು. ಹೆಂಡತಿಯ ಕಡೆಯಿಂದ ಬಂದ ಸೈಟೊಂದು ದಾವಣಗೆರೆಯಲ್ಲಿತ್ತು. ಅದನ್ನು ಮಾರಿದರೆ ಹಣ ಹೊಂದುತ್ತಿತ್ತು. ಆದರೆ ಕೊಟ್ರಪ್ಪ ಸಹಿ ಹಾಕಲು ಹಿಂದೆಮುಂದೆ ನೋಡಿದ. ಇಂದುಮತಿ ಒಂದು ಮಾತು ಹೇಳಿದ್ದು ಆಗಲೇ. ನಮ್ಮ ಕಥೆಯ ಕಷ್ಟವೆಲ್ಲ ಶುರುವಾದದ್ದು ಆ ಒಂದು ಮಾತಿನಿಂದ.

ತರಬೇತಿ ಶಾಲೆಯ ಮುಂದಿನ ಕೋಣೆಯಲ್ಲಿ ದೊಡ್ಡದೊಂದು ಬೋರ್ಡು ಇತ್ತು. ಬೋರ್ಡಿನಲ್ಲಿ ಹಲ್ಲು ಕಿರಿದು ನಗುವ ಒಬ್ಬ ಪೈಲಟ್. ಹೆಗಲ ಮೇಲೆ ನಾಲ್ಕು ಚಿನ್ನದ ಗೆರೆ. ಕೆಳಗೆ 'ತಿಂಗಳಿಗೆ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು' ಎಂದು ಬರೆದಿತ್ತು. ನಾಲ್ಕು ಗೆರೆ ಎಂದರೆ ಕ್ಯಾಪ್ಟನ್, ವರ್ಷಗಟ್ಟಲೆ ಹಾರಿದವರಿಗೆ ಮಾತ್ರ ಸಿಗುವ ಪಟ್ಟ ಎಂದು ಶಾಲೆಯವರು ಹೇಳಲಿಲ್ಲ. ಇಂದುಮತಿಯೂ ಕೇಳಲಿಲ್ಲ.

"ಅಪ್ಪಾ, ಕೆಲಸ ಸಿಕ್ಕ ಮೊದಲ್ನೇ ತಿಂಗಳಿಂದ್ಲೇ ಮೂರು ಲಕ್ಷ" ಎಂದಳು.

'ಮೊದಲನೇ ತಿಂಗಳಿಂದಲೇ' ಎಂಬ ಮಾತು ಬೋರ್ಡಿನಲ್ಲಿ ಎಲ್ಲಿಯೂ ಇರಲಿಲ್ಲ. ಅದು ಅವಳು ಕೈಯಿಂದ ಹಾಕಿದ ಒಗ್ಗರಣೆ. ಕೊಟ್ರಪ್ಪ ಸಹಿ ಹಾಕಿದ. ಮಾರನೆಯ ದಿನದಿಂದ ಆ ಮೂರು ಲಕ್ಷ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ, ಮಂಡಕ್ಕಿ ಗಾಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಓಡಾಡತೊಡಗಿತು. ಊರಿಗೆ ಇಂದುಮತಿಯ ಹೆಸರು ಮರೆತರೂ ಸಂಬಳ ಮರೆಯಲಿಲ್ಲ.

ತರಬೇತಿ ಮುಗಿದು, ಒಂದೂವರೆ ವರ್ಷ ಕೆಲಸಕ್ಕಾಗಿ ಅಲೆದು, ಕೊನೆಗೆ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಅವಳಿಗೆ ಸಹ ಪೈಲಟ್ ಕೆಲಸ ಸಿಕ್ಕಿತು. ಎಪ್ಪತ್ತು ಜನ ಕೂರುವ, ರೆಕ್ಕೆಗೆ ಪಂಖಾ ಇರುವ ವಿಮಾನ. ಬೆಂಗಳೂರಿನಿಂದ ಸಣ್ಣ ಊರುಗಳಿಗೆ ಓಡಾಟ. ನೇಮಕದ ಪತ್ರ ಕೈಗೆ ಬಂದಾಗ ಅವಳು ಮೊದಲು ಓದಿದ್ದು ಸಂಬಳದ ಸಾಲು. ಮೊದಲ ಆರು ತಿಂಗಳು ತರಬೇತಿಯ ಭತ್ಯೆ, ಮೂವತ್ತೈದು ಸಾವಿರ. ಆಮೇಲೆ ಒಂದು ನಿಗದಿತ ಸಂಬಳ, ಅದರ ಮೇಲೆ ಹಾರಿದ ಗಂಟೆಗೆ ಇಷ್ಟು ಎಂದು. ತಿಂಗಳಿಡೀ ಹಾರಿದರೂ ಒಂದು ಲಕ್ಷ ದಾಟಿದರೆ ಅದೇ ಹೆಚ್ಚು. ಹಾರದಿದ್ದರೆ ಗಂಟೆಯ ಹಣ ಇಲ್ಲ.

ನೋಡಿ, ಆ ಸಂಬಳ ಕಡಿಮೆಯದೇನಲ್ಲ. ಹೊಸದಾಗಿ ಸೇರಿದವಳಿಗೆ ತಕ್ಕದ್ದೇ. ಮೂರು ಲಕ್ಷ ಎಂದು ಹೇಳಿ ಬಂದಿರದಿದ್ದರೆ ಅವಳು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಈಗ ಅದೇ ಪತ್ರ ಹಿಡಿದು, ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಹೆದರಿ ಕೂತಳು.

ಅಪ್ಪ ಫೋನು ಮಾಡಿದ.

"ಇಂದವ್ವ, ಕೆಲಸ ಖಾತ್ರಿ ಆತೇನು?"

"ಆತಪ್ಪಾ."

"ಹಂಗಾದ್ರ ನೀ ಹೇಳಿದಷ್ಟೇ ಕೊಡ್ತಾರಲ್ಲ?"

ಇಲ್ಲ ಎಂದರೆ ಆಗಲೇ ಮುಗಿದುಹೋಗುತ್ತಿತ್ತು. ಒಂದು ದಿನ ಬೇಸರ, ಒಂದು ವಾರ ಊರವರ ಕುಹಕ, ಅಷ್ಟೇ. ಅವಳಿಗೆ ಬಾಯಿ ಬರಲಿಲ್ಲ. "ಟ್ರೇನಿಂಗ್ ಮುಗೀಲಿ ಅಪ್ಪಾ, ಆಮೇಲೆ ಕೊಡ್ತಾರ" ಎಂದಳು.

"ಆಗಲಿ. ನಿನ್ನ ಪೂರಾ ಸಂಬಳ ಬರ್ಲಿ, ನಾ ಅವತ್ತೇ ಸ್ಟೇರಿಂಗ್ ಬಿಡ್ತೀನಿ. ಸಾಕಾಗೈತಿ ನನಗ."

ಐವತ್ತಾರು ವರ್ಷದ ಮನುಷ್ಯ, ದಣಿದಿದ್ದಾನೆ ಎಂದುಕೊಂಡಳು ಇಂದುಮತಿ. ಸಾಕಾಗಿದ್ದು ಏನು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಮಾತು ಬೆಳೆದರೆ ತನ್ನ ಗುಟ್ಟು ರಟ್ಟಾಗುತ್ತದೆ ಎಂಬ ಭಯ. ಅಂದಿನಿಂದ ಭಾನುವಾರ ಬಂತೆಂದರೆ ಅವಳು ಫೋನಿನ ಕಡೆ ನೋಡಲೂ ಹೆದರುವಳು. ಅಪ್ಪ ಫೋನು ಮಾಡುವುದು ಭಾನುವಾರ. ತರಬೇತಿಯ ಆರು ತಿಂಗಳು ಮುಗಿದವು. ಅಪ್ಪ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಬರೋ ತಿಂಗಳು ಅಪ್ಪಾ." ಕೈಗೆ ಬಂದದ್ದರಲ್ಲಿ ಬಾಡಿಗೆಗೂ ಊಟಕ್ಕೂ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಪ್ಪನಿಗೆ ಕಳಿಸಿ, ಮಿಕ್ಕ ಸಂಬಳವನ್ನು ಕಂಪನಿಯವರು ಸದ್ಯಕ್ಕೆ ವಿಮೆಗೆ ಹಿಡಿದಿದ್ದಾರೆ ಎಂದು ಇನ್ನೊಂದು ಸುಳ್ಳು ಪೋಣಿಸಿದಳು. ಹೆಚ್ಚು ಗಂಟೆ ಹಾರಿದರೆ ಸ್ವಲ್ಪವಾದರೂ ಹೆಚ್ಚು ಬರುತ್ತದೆ ಎಂದು ಸಿಕ್ಕ ಹಾರಾಟವನ್ನೆಲ್ಲ ಬಾಚಿಕೊಂಡಳು.

ಹೀಗಿರುವಾಗ ಅವಳಿಗೆ ಶೀತವಾಯಿತು.

ನಮಗೆ ನಿಮಗೆ ಶೀತವಾದರೆ ಮೆಣಸಿನ ಕಷಾಯ ಕುಡಿದು ಕೆಲಸಕ್ಕೆ ಹೋಗುತ್ತೇವೆ. ಪೈಲಟ್ ಹಾಗೆ ಹೋಗುವಂತಿಲ್ಲ. ಮೂಗು ಕಟ್ಟಿದ್ದರೆ ಮೇಲಿಂದ ಕೆಳಗೆ ಇಳಿಯುವಾಗ ಕಿವಿಯೊಳಗಿನ ಗಾಳಿಗೆ ದಾರಿ ಸಿಗುವುದಿಲ್ಲ. ಕಿವಿಯ ತಮಟೆ ಹರಿಯಬಹುದು, ಕೂತಲ್ಲೇ ತಲೆ ತಿರುಗಬಹುದು. ಶೀತವಾದರೆ 'ಇವತ್ತು ಆಗುವುದಿಲ್ಲ' ಎಂದು ಫೋನು ಮಾಡಿ ಹೇಳಬೇಕು, ಅದೇ ನಿಯಮ. ಹೇಳಿದರೆ ಯಾರೂ ಬಯ್ಯುವುದಿಲ್ಲ. ಆದರೆ ಆ ದಿನದ ಗಂಟೆಗಳು ಹೋಗುತ್ತವೆ. ಇಂದುಮತಿಗೆ ಅಂದು ನಾಲ್ಕು ಹಾರಾಟವಿತ್ತು. ಮೂಗಿಗೆ ಔಷಧಿ ಬಿಟ್ಟುಕೊಂಡು, ಯೂನಿಫಾರ್ಮ್ ತೊಟ್ಟು ಹೊರಟುಬಿಟ್ಟಳು. ಹೆಗಲ ಮೇಲೆ ಎರಡೇ ಗೆರೆ.

ಅಂದಿನ ಕ್ಯಾಪ್ಟನ್ ಐರಿನ್ ಲೋಬೊ, ಮಂಗಳೂರಿನವರು. ತಲೆ ಅರ್ಧ ನರೆತ ಹೆಂಗಸು. ಇಂದುಮತಿಯ ಮುಖ ನೋಡಿದವರೇ ಕೇಳಿದರು, "ಎಂತ ಮಾರಾಯ್ತಿ, ಮೂಗು ಕೆಂಪಾಗಿದೆ? ಶೀತ ಉಂಟಾ?"

"ಇಲ್ಲ ಮೇಡಂ. ಧೂಳು."

ಏರುವಾಗ ಏನೂ ಆಗಲಿಲ್ಲ. ಬದುಕಿದೆ ಎಂದುಕೊಂಡಳು. ಸರದಿಯ ಪ್ರಕಾರ ಆ ಸಲ ವಿಮಾನ ಇಳಿಸುವುದು ಅವಳ ಕೆಲಸ, ರೇಡಿಯೋ ಮಾತು ಕ್ಯಾಪ್ಟನ್ನರದು. ಇಳಿಯಲು ಶುರುಮಾಡಿದಂತೆ ಬಲಗಿವಿ ಬಿಗಿಯತೊಡಗಿತು. ಮೂಗು ಹಿಡಿದು ಊದಿದಳು, ಬಿಡಲಿಲ್ಲ. ಉಗುಳು ನುಂಗಿದಳು, ಬಿಡಲಿಲ್ಲ. ದಬ್ಬಳ ಚುಚ್ಚಿದ ಹಾಗೆ ನೋವು. ಹಣೆಯಲ್ಲಿ ಬೆವರು. ಇನ್ನು ಹತ್ತೇ ನಿಮಿಷ, ತಡೆದುಕೊಂಡರೆ ಗಂಟೆ ಸಿಗುತ್ತದೆ ಎಂದು ಹಲ್ಲು ಕಚ್ಚಿದಳು.

ಮೋಡದೊಳಗೆ ಹೊಕ್ಕಾಗ ಕಿವಿಯಲ್ಲಿ ಏನೋ ಚಟ್ ಎಂದಿತು. ಮರುಕ್ಷಣ ಇಡೀ ವಿಮಾನ ಎಡಕ್ಕೆ ಉರುಳಿದಂತಾಯಿತು. ಎದುರಿನ ಮೀಟರು ಮಾತ್ರ ವಿಮಾನ ನೇರವಾಗಿದೆ ಎಂದು ತೋರಿಸುತ್ತಿತ್ತು. ಅವಳ ತಲೆ ಅದನ್ನು ನಂಬಲಿಲ್ಲ. ಕೈ ತಾನಾಗಿ ಬಲಕ್ಕೆ ತಿರುಗಿಸಿತು. ಮೀಟರಿನ ಗೆರೆ ವಾಲಿತು, ಇನ್ನೂ ವಾಲಿತು. ಹಿಂದೆ ಒಂದು ಕೂಸು ಕಿರುಚಿದ್ದು ಕೇಳಿಸಿತು.

"ಇಂದುಮತಿ! ನೀನು ಸರಿ ಇದ್ದೀಯಾ?"

ಬೆಳಿಗ್ಗೆ ಕೇಳಿದ ಪ್ರಶ್ನೆಯೇ ಮತ್ತೆ ಬಂದಿತ್ತು. ಸರಿ ಇದ್ದೇನೆ ಎನ್ನಲು ಅವಳ ಬಾಯಿ ತೆರೆಯಿತು. ಅಷ್ಟರಲ್ಲಿ ಕೂಸು ಇನ್ನೊಮ್ಮೆ ಕಿರುಚಿತು. ಅವಳು ಸ್ಟೇರಿಂಗಿನಿಂದ ಎರಡೂ ಕೈ ತೆಗೆದಳು.

"ಇಲ್ಲ ಮೇಡಂ. ಶೀತ ಇದೆ. ಕಿವಿ ಹೋಗಿದೆ, ತಲೆ ತಿರುಗ್ತಿದೆ. ನನ್ನಿಂದ ಆಗಲ್ಲ."

"ನನ್ನ ಕೈಯಲ್ಲಿದೆ" ಎಂದರು ಕ್ಯಾಪ್ಟನ್. ವಿಮಾನ ನೇರವಾಯಿತು. ಮೋಡ ಸರಿದು ಕೆಳಗೆ ರನ್‌ವೇ ಕಂಡಿತು. ಎಪ್ಪತ್ತು ಜನ ಕ್ಷೇಮವಾಗಿ ಇಳಿದು, ಬ್ಯಾಗು ಎಳೆದುಕೊಂಡು ತಮ್ಮ ಪಾಡಿಗೆ ತಾವು ಹೋದರು. ವಿಮಾನ ಯಾಕೆ ವಾಲಿತೆಂದು ಅವರಿಗೆ ಗೊತ್ತಾಗಲಿಲ್ಲ.

ಇಂದುಮತಿ ಸೀಟಿನಿಂದ ಏಳಲಿಲ್ಲ. ಕ್ಯಾಪ್ಟನ್ ನೀರಿನ ಬಾಟಲಿ ಕೊಟ್ಟು, ಯಾಕೆ ಬಂದೆ ಎಂದು ಕೇಳಿದರು. ಅವಳು ಬೋರ್ಡಿನಿಂದ ಹಿಡಿದು ಭಾನುವಾರದ ಫೋನಿನವರೆಗೆ ಎಲ್ಲವನ್ನೂ ಅಳುತ್ತ ಹೇಳಿದಳು.

"ಮೂರು ಲಕ್ಷವಾ?" ಎಂದರು ಐರಿನ್ ಲೋಬೊ. "ಅದು ನನ್ನ ಕಣ್ಣಿಗೆ ಬೀಳುವಾಗ ನನ್ನ ಮಗ ಹೈಸ್ಕೂಲಿನಲ್ಲಿದ್ದ. ಶುರುವಿಗೆ ನನಗೆ ಸಿಗುತ್ತಿದ್ದದ್ದು ಕೇಳಿದರೆ ನೀನು ನಗ್ತೀ. ಎರಡು ಗೆರೆ ಹಾಕಿಕೊಂಡು ನಾಲ್ಕು ಗೆರೆಯ ಸಂಬಳ ಹೇಳಿ ಬಂದದ್ದು ಯಾಕೆ?"

"ಅಪ್ಪ ಸೈಟು ಮಾರಲ್ಲ ಅಂತ ಹೆದರಿಕೆಯಾಯ್ತು ಮೇಡಂ."

"ಈಗ?"

"ಈಗ ಅಪ್ಪನ ಮುಖ ನೋಡಕ್ಕೇ ಹೆದರಿಕೆ."

ಕ್ಯಾಪ್ಟನ್ ಹೇಳಿದರು, "ನೋಡು, ನಾನು ಇದನ್ನು ಕಂಪನಿಗೆ ಬರೆದು ಕೊಡಲೇಬೇಕು. ಬೆಳಿಗ್ಗೆ ಸುಳ್ಳು ಹೇಳಿದ್ದನ್ನೂ ಬರೀತೇನೆ, ಮೇಲೆ ಹಾರುವಾಗ ನಿಜ ಹೇಳಿದ್ದನ್ನೂ ಬರೀತೇನೆ. ನೀನು ಹೇಳಿದ್ದಕ್ಕೆ ನಾವು ಬದುಕಿದ್ದು. ಆದರೆ ಹೇಳಬೇಕಾದವರಿಗೆ ನೀನು ಇನ್ನೂ ಹೇಳಲಿಲ್ಲ. ಊರಿಗೆ ಹೋಗಿ ಹೇಳು."

ಕಂಪನಿ ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟಿತು. ವೈದ್ಯರು ಕಿವಿ ನೋಡಿ, ಒಂದು ತಿಂಗಳು ಹಾರುವಂತಿಲ್ಲ ಎಂದರು. ಇಂದುಮತಿ ರೈಲು ಹತ್ತಿ ದಾವಣಗೆರೆಗೆ ಬಂದಳು. ಅಪ್ಪನಿಗೆ ತಿಳಿಸಿರಲಿಲ್ಲ. ಎರಡೂವರೆಗೆ ಅಪ್ಪನ ಬಸ್ಸು ಹೊರಡುತ್ತದೆ, ಅದರಲ್ಲೇ ಹೋಗಿ, ಮನೆಗೆ ಮುಟ್ಟಿದ ಮೇಲೆ ಹೇಳಿದರಾಯಿತು ಎಂದುಕೊಂಡಳು. ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದಿದ್ದಳು. ಜೋಡಿಸಿದ್ದೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಬಸ್ಸು ಕಾಣುತ್ತಲೇ ಮರೆತುಹೋಯಿತು.

ಮುಂದಿನ ಬಾಗಿಲಿನಿಂದ ಹತ್ತಿದಳು. ಅಪ್ಪ ಸೀಟಿನಲ್ಲಿದ್ದ. ಎರಡು ಮಾರು ದೂರ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವಳು ನಿಂತು ನಕ್ಕಳು. ಅಪ್ಪ ತಿರುಗಿ ಅವಳ ಮುಖವನ್ನೇ ನೋಡಿದ.

"ಒಳಗ ನಡೀರಿ ಅಕ್ಕೋರೆ, ಬಾಗಿಲದಾಗ ನಿಲ್ಲಬ್ಯಾಡ್ರಿ" ಎಂದ.

ಇಂದುಮತಿಗೆ ಮೊದಲು ತಮಾಷೆ ಎನಿಸಿತು. ಆಮೇಲೆ ಅಪ್ಪ ಮುಖ ತಿರುಗಿಸಿ ಹಣೆಗೆ ಕೈ ಅಡ್ಡ ಹಿಡಿದು ಗಾಜಿನಾಚೆ ನೋಡುವುದನ್ನು ಕಂಡಳು. ತಮಾಷೆಯಲ್ಲ. ಹೆತ್ತ ಮಗಳು ಎದುರು ನಿಂತರೂ ಅವನಿಗೆ ಕಂಡಿರಲಿಲ್ಲ. ದನಿಯೇ ಹೊರಡದೆ ಅವನ ಹಿಂದಿನ ಸೀಟಿನಲ್ಲಿ, ಚಿಕ್ಕಂದಿನ ಅದೇ ಜಾಗದಲ್ಲಿ ಕುಸಿದು ಕೂತಳು. ಬಸ್ಸು ಹೊರಟೇಬಿಟ್ಟಿತು.

ಕಂಡಕ್ಟರ್ ಹಾಲೇಶ ಅವಳನ್ನು ನೋಡಿ ಬೆಚ್ಚಿದ. ಟಿಕೆಟ್ ಕೊಡಲು ಹಿಂದೆ ಹೋಗಬೇಕಾದವನು ಮುಂದೆಯೇ ನಿಂತಿದ್ದ. ಅವನ ಕೈಯಲ್ಲಿ ಒಂದು ನಾಣ್ಯ. ಇಳಿಯುವವರಿದ್ದರೆ ಕಂಡಕ್ಟರುಗಳು ನಾಣ್ಯದಿಂದ ಕಂಬಿ ಬಡಿಯುವುದು ವಾಡಿಕೆ. ಆದರೆ ಹಾಲೇಶ ಇಳಿಯುವವರು ಇಲ್ಲದ ಕಡೆಯೂ ಬಡಿದ. ಟಣ್. ಬಸ್ಸು ನಿಧಾನವಾಯಿತು, ರಸ್ತೆಯ ಉಬ್ಬು ದಾಟಿತು. ಟಣ್ ಟಣ್. ಅಪ್ಪ ಎಡಕ್ಕೆ ಸರಿದ, ಎದುರಿನಿಂದ ಲಾರಿ ಭರ್ರೆಂದು ಹಾದುಹೋಯಿತು. ಟಣ್. ಮತ್ತೊಂದು ಉಬ್ಬು.

ಇಂದುಮತಿಗೆ ಎಲ್ಲವೂ ಅರ್ಥವಾಯಿತು. ಅಪ್ಪ ಹಾಲೇಶನ ಕಣ್ಣಿನಿಂದ ಬಸ್ಸು ಓಡಿಸುತ್ತಿದ್ದ. ಹಿಂದೆ ಐವತ್ತು ಜನ. ಒಬ್ಬಳು ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು, ಇಬ್ಬರು ಹುಡುಗಿಯರು ಒಂದೇ ಮೊಬೈಲು ನೋಡಿ ನಗುತ್ತಿದ್ದರು. 'ಸಾಕಾಗೈತಿ' ಎಂದು ಅಪ್ಪ ಹೇಳಿದ್ದು ದಣಿವನ್ನಲ್ಲ. ಕಣ್ಣನ್ನು. ಮೂರು ಲಕ್ಷ ಬರಲಿ ಎಂದು ಅವನು ಕಾಯುತ್ತಿದ್ದ. ಅವಳು ಪ್ರತಿ ಸಲ 'ಬರೋ ತಿಂಗಳು' ಎಂದಾಗಲೂ ಇನ್ನೊಂದು ತಿಂಗಳು ಅವನನ್ನು ಈ ಸೀಟಿಗೆ ಕಟ್ಟಿ ಕೂರಿಸಿದ್ದಳು.

ಮೋಡದೊಳಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದಳು ಇಂದುಮತಿ. ಕೂಗಿದರೆ ಅಪ್ಪ ಬೆಚ್ಚಿ ಏನಾದರೂ ಆದೀತು. ಸುಮ್ಮನಿದ್ದರೂ ಆದೀತು. ಹಾಲೇಶನ ಕೈ ಹಿಡಿದು, "ಮುಂದಿನ ಸ್ಟಾಪಿಗೆ ನಿಲ್ಲಿಸು" ಎಂದು ಪಿಸುಗುಟ್ಟಿದಳು. ಮುಂದಿನ ಸ್ಟಾಪಿಗೆ ಎರಡು ಕಿಲೋಮೀಟರ್. ಆ ಎರಡು ಕಿಲೋಮೀಟರ್ ಅವಳು ಕಂಬಿ ಬಿಗಿಹಿಡಿದು, ಉಸಿರು ಬಿಗಿಹಿಡಿದು, ಬರುವ ಪ್ರತಿಯೊಂದು ಬೈಕನ್ನೂ ದಿಟ್ಟಿಸುತ್ತ ಕೂತಳು.

ಬಸ್ಸು ನಿಂತಿತು. "ಅಪ್ಪಾ" ಎಂದಳು.

ದನಿ ಕೇಳಿ ಕೊಟ್ರಪ್ಪ ಗಕ್ಕನೆ ತಿರುಗಿದ. "ಇಂದವ್ವ? ನೀ ಯಾವಾಗ ಹತ್ತಿದಿ?"

"ನಿನ್ನ ಎದುರಿಗೇ ಹತ್ತಿದೆ ಅಪ್ಪಾ."

ಕೊಟ್ರಪ್ಪನ ಮುಖ ಬಿಳಿಚಿತು. ಹಾಲೇಶ ನಾಣ್ಯ ಜೇಬಿಗಿಟ್ಟುಕೊಂಡು ನೆಲ ನೋಡಿದ. ಇಂದುಮತಿ ಅಪ್ಪನ ಮೊಣಕಾಲ ಬಳಿ ಕೂತಳು. "ಅಪ್ಪಾ, ಮೊದ್ಲು ನಂದು ಕೇಳು. ನನಗ ಮೂರು ಲಕ್ಷ ಬರಂಗಿಲ್ಲ. ಈಗ ಬರಂಗಿಲ್ಲ, ಬರೋ ತಿಂಗಳೂ ಬರಂಗಿಲ್ಲ. ತಿಂಗಳ ಪೂರ್ತಿ ಹಾರಿದ್ರ ಒಂದರ ಹತ್ರ ಬರ್ತೈತಿ. ಕಿವಿ ಕೆಟ್ಟೈತಿ, ಈ ತಿಂಗಳು ಅದೂ ಇಲ್ಲ. ಸುಳ್ಳು ಹೇಳಿದ್ನಪ್ಪಾ ನಾನು. ಆ ಸುಳ್ಳಿಗೆ ಎಪ್ಪತ್ತು ಜನಾನ್ನ ಕೊಲ್ತಿದ್ದೆ."

ಬಯ್ಯುತ್ತಾನೆ ಎಂದು ಅವಳು ಕಾದಳು. ಹಿಂದಿನಿಂದ ಯಾರೋ, "ಯಾಕ್ರೀ ನಿಂತ್ರಿ?" ಎಂದು ಕೂಗಿದರು. ಕೊಟ್ರಪ್ಪ ಇಂಜಿನ್ ಆರಿಸಿದ. ಕೀಲಿ ತೆಗೆದು ಮಗಳ ಅಂಗೈಯಲ್ಲಿಟ್ಟ.

"ಒಂದು ವರ್ಷ ಆತವ್ವ ಕಣ್ಣು ಮಂಜಾಗಿ. ಡಾಕ್ಟರಿಗೆ ತೋರಿಸಿದ್ರ ಮಾಲೀಕರಿಗೆ ಗೊತ್ತಾಗಿ ಕೆಲಸದಿಂದ ತೆಗೀತಾರ, ನಿನ್ನ ಸಂಬಳ ಬರೋ ತನಕ ಹೆಂಗಾರ ತಳ್ಳೋಣ ಅಂತ… ದಿನಾ ಹೆದ್ರಿಕೊಂಡೇ ಹತ್ತಿದ್ನವ್ವ. ಇಳಿದು ಮನೀಗೆ ಬಂದ ಮ್ಯಾಲೆ ಒಬ್ಬನೇ ಕುಂತು ನಡುಗ್ತಿದ್ದೆ."

ಅಪ್ಪ ಮಗಳು ಆ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು. ಜನ ಗೊಣಗುತ್ತ ಹಿಂದೆ ಬಂದ ಬಸ್ಸು ಹತ್ತಿ ಹೋದರು. ಇಂದುಮತಿ ತಾನೇ ಮಾಲೀಕರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಮಾಲೀಕರು ಕೂಗಾಡಿದರು, ಹಾಲೇಶನನ್ನೂ ಬಿಡಲಿಲ್ಲ. ಕೊಟ್ರಪ್ಪನಿಗೆ ಸ್ಟೇರಿಂಗ್ ತಪ್ಪಿತು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಊರ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ ಸಿಕ್ಕಿತು. ಕೂಲಿ ಅರ್ಧ.

ಕಣ್ಣಿನ ಡಾಕ್ಟರು ನೋಡಿ, ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು. ಅದಕ್ಕೆ ಮೂರು ಲಕ್ಷ ಬೇಕಿರಲಿಲ್ಲ. ಇಂದುಮತಿಯ ಒಂದು ತಿಂಗಳ ನಿಜವಾದ ಸಂಬಳವೇ ಸಾಕಾಗಿ ಮಿಗುತ್ತಿತ್ತು. ವರ್ಷದ ಹಿಂದೆಯೇ ಆಗಬಹುದಾಗಿದ್ದ ಕೆಲಸ. ಅದನ್ನು ಕೇಳಿ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಕೊಟ್ರಪ್ಪ ಮೊದಲು ಮಗಳ ಮುಖ ನೋಡಿದ. "ಬಡಕಲಾಗೀಯಲ್ಲೇ" ಎಂದ. ಅವಳು ಬಡಕಲಾಗಿ ವರ್ಷವಾಗಿತ್ತು.

ಕಿವಿ ವಾಸಿಯಾಗಿ ಇಂದುಮತಿ ಮತ್ತೆ ಹಾರತೊಡಗಿದಳು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕುಚೋದ್ಯದಿಂದ, "ಏನ್ ಕೊಟ್ರಪ್ಪ, ಮಗಳದು ಮೂರು ಲಕ್ಷ ಬಂತಾ?" ಎಂದು ಕೇಳಿದರು. ದಾವಣಗೆರೆ ದಾವಣಗೆರೆ ಎಂದು ಕೂಗುತ್ತಿದ್ದ ಕೊಟ್ರಪ್ಪ ಅದೇ ದೊಡ್ಡ ದನಿಯಲ್ಲಿ ಹೇಳಿದ:

"ಇಲ್ಲಪಾ. ಈ ತಿಂಗಳು ತೊಂಬತ್ತೆರಡು ಸಾವಿರ. ಹೋದ ವಾರ ಶೀತ ಆಗಿತ್ತು, ಆಗಂಗಿಲ್ಲ ಅಂತ ಹೇಳಿ ಮನ್ಯಾಗ ಮಲಗಿದ್ಲು. ಅದಕ್ಕ ಕಡಿಮಿ ಬಂತು."

ಮತ್ತೆ ದಾವಣಗೆರೆ ದಾವಣಗೆರೆ ಎಂದು ಕೂಗತೊಡಗಿದ.

ನೀತಿ: ಕೈಗೆ ಬರುವ ಸಂಬಳ ಎಷ್ಟಿದೆಯೋ ಅಷ್ಟನ್ನೇ ಮನೆಯವರಿಗೆ ಹೇಳಿ. ಹೊಸದಾಗಿ ಕೆಲಸಕ್ಕೆ ಸೇರುವವರು, ಇಪ್ಪತ್ತು ವರ್ಷ ದುಡಿದವರ ಸಂಬಳವನ್ನು ತಮ್ಮದೆಂದು ಲೆಕ್ಕ ಹಾಕಬಾರದು. ಕಡಿಮೆ ಸಂಬಳದಲ್ಲಿ ಮನೆ ನಡೆಯುತ್ತದೆ. ಆದರೆ ಹೆಚ್ಚು ಎಂದು ಹೇಳಿದ ಸುಳ್ಳನ್ನು ನಂಬಿಕೊಂಡು ನಮ್ಮವರು ಯಾವ ಅಪಾಯದಲ್ಲಿ ಕೂತು ಕಾಯುತ್ತಿರುತ್ತಾರೋ ನಮಗೆ ತಿಳಿಯುವುದಿಲ್ಲ.